ತರಗತಿಯಲ್ಲಿ ನಮ್ಮ ಮಕ್ಕಳು

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರು ಅಮ್ಮಾನ್ ಮೂಲಕ ತಾಯ್ನಾಡಿಗೆ ಮರಳಿದರು. ಮಕ್ಕಳು ಶಾಲಾ ವರ್ಷದ ನಡುವೆ ಊರಿನ ತರಗತಿಗಳಲ್ಲಿ ಹೊಸಬರಾಗಿ ಕುಳಿತರು.

ನೌಕರಿ ಬದಲಾದಂತೆ ಇಂದಿಗೂ ಆರು, ಏಳು, ಎಂಟನೆಯ ತರಗತಿಯ ಮಕ್ಕಳು ಅಬ್ಬಾಸಿಯಾ, ಸಾಲ್ಮಿಯಾದ ಶಾಲೆಗಳಿಗೆ ಹೀಗೆಯೇ ಹೊಸಬರಾಗಿ ಬರುತ್ತಾರೆ. ಈ ವಯಸ್ಸಿನವರು ಸಂಕಟವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಬೆಳಗಾದರೆ ಹೊಟ್ಟೆನೋವು ಎನ್ನುತ್ತಾರೆ. ಹಾಗಾಗಿ, ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಬಿಡುವಿನಲ್ಲಿ ಯಾರೊಡನೆ ಬುತ್ತಿ ತಿಂದೆ ಎಂದು ಕೇಳೋಣ.

ಅಧ್ಯಾಪಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಹೆಸರನ್ನು ಸರಿಯಾಗಿ ಕರೆಯಿರಿ, ಮೊದಲ ವಾರವೇ ಸಣ್ಣದೊಂದು ಹೊಣೆ ಕೊಡಿ, ಪಕ್ಕದಲ್ಲಿ ಜೊತೆಗೊಬ್ಬರನ್ನು ಕೂರಿಸಿ.

ಪರನಾಡಿನಲ್ಲಿ ನಮ್ಮ ಕೈಹಿಡಿದದ್ದು ಈ ಕೂಟ. ಇಲ್ಲೇ ಬೆಳೆದ ನಮ್ಮ ಮಕ್ಕಳು ಹೊಸಬರ ಕೈಹಿಡಿಯಲಿ.