ಕುಂಕುಮದ ಕೆಂಪು



ನಮ್ಮ ದಿನನಿತ್ಯದ ಬದುಕಿನಲ್ಲಿ ಕೆಂಪು ಬಣ್ಣಕ್ಕೆ ಎರಡು ಮಾತುಗಳಿವೆ. ರೈಲಿನ ಮುಂದೆ ಕೆಂಪು ದೀಪ ಬಿದ್ದರೆ ಎಂಥ ಗಾಡಿಯೂ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಂಪಿನ ಅಲೆ ಎಲ್ಲಕ್ಕಿಂತ ಉದ್ದ. ಗಾಳಿಯಲ್ಲಿ ಅದು ಕಡಿಮೆ ಚದುರುತ್ತದೆ, ದೂರದವರೆಗೂ ಕಾಣುತ್ತದೆ. ಅಲ್ಲಿ ಕೆಂಪು "ನಿಲ್ಲು" ಎನ್ನುತ್ತದೆ. ಅದೇ ಕೆಂಪು ಮನೆಯೊಳಗೆ ಬಂದಾಗ ಮಾತು ಬೇರೆ. ಬಂದವರ ಮುಂದೆ ಅರಿಷಿಣ ಕುಂಕುಮದ ಬಟ್ಟಲು ಹಿಡಿದರೆ ಆ ಕೆಂಪು "ಬಾ ತಾಯಿ" ಎನ್ನುತ್ತದೆ.

ಆದರೆ ಅದೇ ಬಟ್ಟಲು ಗಂಡನನ್ನು ಕಳೆದುಕೊಂಡ ತಾಯಿಯ ಮುಂದೆ ಬಂದಾಗ ಏನಾಗುತ್ತದೆ? ಪಕ್ಕದವಳಿಗೆ "ಬಾ" ಎಂದ ಕುಂಕುಮ ಇವಳಿಗೆ "ನಿಲ್ಲು" ಎನ್ನುತ್ತದೆ. ಕೂಲಿ ಮಾಡಿ, ಅರೆಹೊಟ್ಟೆ ಉಂಡು ಮಗನನ್ನು ಸಾಕಿದವಳು ಅವನ ಮದುವೆಯ ದಿನ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅಕ್ಷತೆಯ ಸದ್ದು ಕೇಳಬೇಕು. ಅವಳು ಮಾಡಿದ ತಪ್ಪಾದರೂ ಏನು?

ಈ ಕುಂಕುಮ ಹುಟ್ಟುವ ಬಗೆಯನ್ನು ನೋಡಿರಿ. ಅರಿಷಿಣಕ್ಕೆ ಸುಣ್ಣ ಬೆರೆತರೆ ಹಳದಿ ಹೋಗಿ ಕೆಂಪಾಗುತ್ತದೆ. ಅರಿಷಿಣ ಹೊಲದ್ದು, ಸುಣ್ಣ ಕಲ್ಲಿನದ್ದು. ಇದರಲ್ಲಿ ಗಂಡನ ಪಾಲು ಎಲ್ಲಿದೆ? ಹೆಣ್ಣುಮಗು ತೊಟ್ಟಿಲಲ್ಲಿದ್ದಾಗಲೇ ಅದರ ಹಣೆಗೆ ಅಜ್ಜಿ ಕುಂಕುಮದ ಬೊಟ್ಟು ಇಟ್ಟಿರುತ್ತಾಳೆ. ಗಂಡ ಕೊಟ್ಟದ್ದಲ್ಲ ಅದು. ಗಂಡನೊಡನೆ ಹೋಗಬೇಕಾದದ್ದೂ ಅಲ್ಲ.

"ಹಿರಿಯರು ನಡೆಸಿಕೊಂಡು ಬಂದದ್ದು, ಬಿಟ್ಟರೆ ಕೇಡಾದೀತು" ಎನ್ನುವವರಿದ್ದಾರೆ. ಅವರಿಗೆ ನಾವು ಒಂದೇ ಮಾತು ಕೇಳುತ್ತೇವೆ. ನಮಗೆ ಗುರು ಕೊಟ್ಟ ಅಷ್ಟಾವರಣ ಯಾವುವು? ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಗಂಡ ತೀರಿದ ದಿನ ಇವುಗಳಲ್ಲಿ ಒಂದನ್ನಾದರೂ ಅವಳಿಂದ ಕಿತ್ತುಕೊಳ್ಳುತ್ತೀರಾ? ಇಲ್ಲ. ಎದೆಯ ಮೇಲಿನ ಲಿಂಗ ಹಾಗೆಯೇ ಇರುತ್ತದೆ, ಹಣೆಯ ವಿಭೂತಿ ಹಾಗೆಯೇ ಇರುತ್ತದೆ. ಲಿಂಗವೇ ಬಿಟ್ಟುಹೋಗದ ಹೆಣ್ಣು ಅಮಂಗಳೆ ಆಗುವುದು ಹೇಗೆ? ಶಿವನು ಒಲ್ಲೆನೆನ್ನದವಳನ್ನು ಒಲ್ಲೆನೆನ್ನಲು ನಾವು ಯಾರು?

ಒಂದು ಊರು ಮನಸ್ಸು ಮಾಡಿದರೆ ಇದು ನಿಲ್ಲುತ್ತದೆ. ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಹೇರವಾಡ ಎಂಬ ಹಳ್ಳಿಯಿದೆ. ಅಲ್ಲಿಯ ಗ್ರಾಮ ಪಂಚಾಯತಿ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು. ಗಂಡ ತೀರಿದವಳ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ಕಾಲುಂಗುರ ತೆಗೆಸುವುದು ಇನ್ನು ಸಾಕು ಎಂದಿತು. ಇತರ ಊರುಗಳೂ ಇದನ್ನು ಅನುಸರಿಸಲಿ ಎಂದು ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿಯಿಂದ ಆದದ್ದು ನಮ್ಮ ಓಣಿಯಿಂದ ಆಗದೇ?

ಕುಂಕುಮವನ್ನು ಬಲವಂತದಿಂದ ಇಡಿರೆಂದು ನಾವು ಹೇಳುವುದಿಲ್ಲ. ಬೇಡವೆನ್ನುವ ತಾಯಿ ಬೇಡವೆನ್ನಲಿ. ಇಡುವುದೂ ಬಿಡುವುದೂ ಅವಳ ಇಚ್ಛೆ. ಅಳಿಸುವ ಅಧಿಕಾರ ಮಾತ್ರ ಇನ್ನೊಬ್ಬರ ಕೈಗಿಲ್ಲ.

ನಮ್ಮ ಹೊಲದ ಕೆಮ್ಮಣ್ಣು ಕೆಂಪಾದದ್ದು ಕಬ್ಬಿಣದ ಅಂಶದಿಂದ. ಕಾವಿಮಣ್ಣಿನ ಕೆಂಪೂ ಅದರಿಂದಲೇ. ಮೈಯ ರಕ್ತದ ಕೆಂಪಿನಲ್ಲಿಯೂ ಅದೇ ಕಬ್ಬಿಣವಿದೆ. ಗಂಡ ಸತ್ತನೆಂದು ಹೆಂಡತಿಯ ರಕ್ತ ಬಿಳುಪಾಗುವುದಿಲ್ಲ. ಒಳಗಿನ ಕೆಂಪನ್ನು ಪರಮಾತ್ಮ ಉಳಿಸಿರುವಾಗ ಹೊರಗಿನದನ್ನು ಅಳಿಸಲು ನಮಗೇಕೆ ಇಷ್ಟು ಅವಸರ?

ಆದುದರಿಂದ ತಮ್ಮಲ್ಲಿ ನಮ್ಮದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಮುಂದೆ ನಡೆಯುವ ಮದುವೆಯಾಗಲಿ, ತೊಟ್ಟಿಲಾಗಲಿ, ಗೃಹಪ್ರವೇಶವಾಗಲಿ, ಕುಂಕುಮದ ಬಟ್ಟಲನ್ನು ಮೊದಲು ಬಾಗಿಲ ಮರೆಯಲ್ಲಿ ನಿಂತ ಆ ತಾಯಿಯ ಬಳಿಗೆ ಒಯ್ಯಿರಿ. ಕೈಹಿಡಿದು ಹಸೆಯ ಹತ್ತಿರ ಕರೆತನ್ನಿರಿ. ಅವಳ ಅಕ್ಷತೆ ಮೊದಲು ಬೀಳಲಿ. ಮಠಕ್ಕೆ ತಾವು ತರುವ ಕಾಣಿಕೆಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಬೇರೆ ಬೇಡ.