ಟ್ರಿಪೋಲಿಯ ಸಿಹಿಯಂಗಡಿ

ಲೆಬನಾನಿನ ಟ್ರಿಪೋಲಿ ನಗರದಲ್ಲಿ ಸಿಹಿಯಂಗಡಿಗೆ ಗಿರಾಕಿಗಳು ಬೆಳಗಿನ ತಿಂಡಿಗೂ ಬರುತ್ತಾರೆ. ಎಳ್ಳು ಹಚ್ಚಿದ ಬ್ರೆಡ್ಡಿನೊಳಗೆ ಬಿಸಿ ಚೀಸಿನ ಕುನಾಫೆ ತುಂಬಿ, ಮೇಲೆ ಸಕ್ಕರೆ ಪಾಕ ಸುರಿದು ಕೊಟ್ಟರೆ, ನಿಂತೇ ತಿಂದು ಕೆಲಸಕ್ಕೆ ಹೊರಡುವವರುಂಟು. ಖರ್ಜೂರ, ಪಿಸ್ತಾ ಹೂರಣದ ‘ಮಾಮೂಲ್’ ಹಬ್ಬದ ಸಿಹಿ. ರಂಜಾನ್ ಹಬ್ಬಕ್ಕೆ ಮುಸ್ಲಿಮರೂ ಈಸ್ಟರ್‌ಗೆ ಕ್ರೈಸ್ತರೂ ಮಾಡುವುದು ಇದನ್ನೇ. 1975ರಿಂದ 1990ರವರೆಗಿನ ಅಂತರ್ಯುದ್ಧವೂ ಈ ತಟ್ಟೆಯನ್ನು ಎರಡಾಗಿಸಲಿಲ್ಲ.

ಪೆಟ್ಟು ಬಿದ್ದದ್ದು ಜೇಬಿಗೆ. 1997ರ ಕೊನೆಯಿಂದ ಡಾಲರಿಗೆ ಸುಮಾರು 1,500 ಲಿರಾ ಇದ್ದ ದರ, 2019ರ ಬಿಕ್ಕಟ್ಟಿನ ಬಳಿಕ ಕುಸಿಯುತ್ತ, 2023ರಲ್ಲಿ ಪೇಟೆಯಲ್ಲಿ 1 ಲಕ್ಷ ದಾಟಿತು. ಲಿರಾದಲ್ಲಿ ಸಂಬಳ ಪಡೆಯುವವನಿಗೆ, ಹೊರದೇಶದ ಪಿಸ್ತಾ ತುಂಬಿದ ಸಿಹಿ ಕೈಗೆಟುಕುವುದೆಂತು? ಅಲ್ಲಿ ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಅಂಗಡಿಯ ತಕ್ಕಡಿ ತೂಗುವುದು ಸಿಹಿಯನ್ನಷ್ಟೇ ಅಲ್ಲ, ಮನೆತನದ ಮರ್ಯಾದೆಯನ್ನೂ.