ಹಗೇವಿನ ಮೇಲೆ ಕಟ್ಟಿದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯಲ್ಲಿ ಬಾಳಿ ನೋಡು ಎಂಬ ಮಾತನ್ನು ಅವರು ಏಕೋ ಸೇರಿಸಲಿಲ್ಲ. ಕಟ್ಟುವಾಗ ಮುಖ ತೋರದ ತಪ್ಪುಗಳು ನಾವು ವಾಸಕ್ಕೆ ಹೋದ ಮೇಲೆ ಒಂದೊಂದಾಗಿ ಬಂದು ತಮ್ಮ ಪರಿಚಯ ಹೇಳಿಕೊಳ್ಳುತ್ತವೆ. ಅಂಥ ಕೆಲವು ಪರಿಚಯಗಳನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾನು ಇಂಜಿನಿಯರನಲ್ಲ, ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವನು. ನನ್ನ ಕಾಲಡಿಯ ನೆಲದ ಭೂಗೋಳವನ್ನು ಮಾತ್ರ ನಿವೃತ್ತನಾದ ಮೇಲೆ ಕಲಿತೆ, ಅದೂ ಸಾಕಷ್ಟು ಶುಲ್ಕ ತೆತ್ತು.

ನಮ್ಮದು ಸೇಡಂನಿಂದ ಚಿಂಚೋಳಿಗೆ ಹೋಗುವ ದಾರಿಯ ಒಂದು ಹಳ್ಳಿ. ಈ ಸೀಮೆಯಲ್ಲಿ ಮನೆ ಕಟ್ಟುವುದು ಬಹಳ ಸುಲಭವೆಂದು ಹೊರಗಿನವರು ಭಾವಿಸುತ್ತಾರೆ. ಭಾವಿಸಲು ಕಾರಣವೂ ಇದೆ. ಶಹಾಬಾದ, ಚಿತ್ತಾಪುರ, ಸೇಡಂ ಎತ್ತ ಹೋದರೂ ಮಣ್ಣಿನ ಕೆಳಗೆ ಹಾಸುಹಾಸಾಗಿ ಸುಣ್ಣಗಲ್ಲು ಮಲಗಿದೆ. ಉಳಿ ಹಿಡಿದು ಪದರಿಗೆ ಸರಿಯಾಗಿ ಬಡಿದರೆ ಪುಸ್ತಕದ ಹಾಳೆಯಂತೆ ಎದ್ದು ಬರುತ್ತದೆ. ಅದೇ ಫರಸಿ. ಅದೇ ಕಲ್ಲನ್ನು ಅರೆದು ಸುಟ್ಟರೆ ಸಿಮೆಂಟು. ವಾಡಿ, ಶಹಾಬಾದ, ಸೇಡಂ, ಮಳಖೇಡಗಳ ಹೆಸರನ್ನು ಅದು ದೂರದೂರಕ್ಕೆ ಒಯ್ದಿದೆ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿದಂದಿನಿಂದ ಚಿತ್ತಾಪುರ, ಸೇಡಂಗಳೂ ಆ ಹಳಿಯ ಮೇಲಿನ ಊರುಗಳಾದವು. ಶಹಾಬಾದಿನ ಕಲ್ಲು ಪರಸ್ಥಳದ ಎಷ್ಟೋ ಮನೆಗಳ ಅಂಗಳವಾಯಿತು. ಆದರೆ ಕಲ್ಲಿನ ಮೇಲೆ ಎರೆಮಣ್ಣೂ ಇದೆ ಎಂಬುದನ್ನು ಹೊರಗಿನವರು ಮರೆಯುತ್ತಾರೆ. ಒಳಗಿನವನಾದ ನಾನೂ ಮರೆತೆ.

2018ರ ಬೇಸಿಗೆಯಲ್ಲಿ ಪಾಯ ತೋಡಿಸಿದೆ. ಹಿಂದೆ ನಮ್ಮ ತಂದೆಯವರ ಕಾಲದ ಪಡಸಾಲೆ. ಅದನ್ನು ಹಾಗೆಯೇ ಉಳಿಸಿಕೊಂಡು ಮುಂದಿನ ಖಾಲಿ ಜಾಗದಲ್ಲಿ ಮೂರು ಕೋಣೆ ಏರಿಸುವುದು ನನ್ನ ಆಲೋಚನೆ. ದಕ್ಷಿಣದ ಕಡೆ ಎರಡಡಿಗೇ ಹಾಸುಗಲ್ಲು ಸಿಕ್ಕಿತು. ಈಶಾನ್ಯದ ಮೂಲೆಯಲ್ಲಿ ಹಾರೆ ಹಾಕಿದಾಗ ಮಾತ್ರ ಡುಬ್ಬೆಂದು ಬೇರೆಯೇ ಒಂದು ಸದ್ದು. ನಮ್ಮ ಗೌಂಡಿ ವಯಸ್ಸಾದವರು, ಊರಿಗೆಲ್ಲ ಕಾಕಾ. ಅವರು ಕಿವಿಗೊಟ್ಟು ಕೇಳಿ, “ಸರ, ಇದು ನೆಲ ಅಲ್ಲ, ಹೊಟ್ಟಿ ಅದ” ಎಂದರು.

ಮಣ್ಣು ಸರಿಸಿದರೆ ದುಂಡನೆಯ ಬಾಯಿಗೆ ಮುಚ್ಚಿದ ಒಂದು ಫರಸಿ. ಕೆಳಗೆ ಹಗೇವು. ಜೋಳ ತುಂಬಿಡಲು ಹಿಂದಿನವರು ತೋಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಒಡಲು ದೊಡ್ಡದು. ಕಾಕಾ ಯಾರನ್ನೂ ಇಳಿಯಗೊಡಲಿಲ್ಲ. ದಾರಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ಅದು ನಡುವೆಯೇ ಆರಿಹೋಯಿತು. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಅವಸರದಿಂದ ಇಳಿದು ಮೇಲೆ ಬಾರದವರ ಕಥೆಗಳು ನಮ್ಮ ಕಡೆ ಬಹಳ. ಮರುದಿನ ದೀಪ ಆರದೆ ಉಳಿದ ಮೇಲೆ ಅಳೆದು ನೋಡಿದರೆ ಒಂದೂವರೆ ಆಳು ಆಳ. ನಮ್ಮ ಅತ್ತೆಗೆ ಹೇಳಿದಾಗ ಆಕೆ, “ಅದು ನಿಮ್ಮ ಮುತ್ತ್ಯಾಂದು. ಬರಗಾಲದಾಗ ಅದರ ಜ್ವಾಳ ತಿಂದೇ ನಾವು ಬದುಕೀವಿ” ಎಂದು ಸುಮ್ಮನಾದರು.

ಅದನ್ನು ಕಲ್ಲು, ಗರಸು ಹಾಕಿ, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಬೇಕೆಂದು ಕಾಕಾ ಹೇಳಿದರು. ಅದಕ್ಕೆ ಹತ್ತು ದಿನ ಬೇಕು. ಗರಸು ತರಿಸಬೇಕು. ನನಗೋ ಮುಹೂರ್ತದ ಚಿಂತೆ. ಪಾಯದಿಂದ ತೆಗೆದ ಎರೆಮಣ್ಣು ಗುಡ್ಡೆಯಾಗಿ ಪಕ್ಕದಲ್ಲೇ ಬಿದ್ದಿತ್ತು. ಹೊಟ್ಟೆ ತುಂಬಿಸುವುದಕ್ಕೆ ಯಾವ ಮಣ್ಣಾದರೇನು ಎಂದೆ. ಕಾಕಾ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. “ಮನಿ ನಿಮ್ಮದು ಸರ” ಎಂದಷ್ಟೇ ಹೇಳಿದರು. ಬೇರೆ ಯಾರ ಮೇಲೂ ಹಾಕಲಾಗದ ತಪ್ಪು ಇದೊಂದು ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಎರೆಮಣ್ಣಿನ ಸ್ವಭಾವವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ತೊಗರಿಗೆ ಅದು ತಾಯಿ, ಗೋಡೆಗೆ ಮಲತಾಯಿ. ಮನೆಯ ಮುಕ್ಕಾಲು ಪಾಲು ಬಂಡೆಯ ಮೇಲೆ ಕದಲದೆ ನಿಂತಿತು. ಕಾಲು ಪಾಲು ನನ್ನ ಎರೆಮಣ್ಣಿನೊಡನೆ ಏರಿತು, ಇಳಿಯಿತು. ಮೊದಲ ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲೇರಿತು. ಮೊದಲು ಕೂದಲೆಳೆ; ಆಮೇಲೆ ಒಂದು ರೂಪಾಯಿಯ ನಾಣ್ಯ ತೂರುವಷ್ಟು. ನಾನು ಗಿಲಾವು ಮೆತ್ತಿಸಿ ಸುಣ್ಣ ಹೊಡೆಸಿದೆ. ಮುಂದಿನ ಮಳೆಗೆ ಗಿಲಾವೂ ಸೀಳಿತು. ಮಾಳಿಗೆಯ ನೀರು ಸುರಿಯುವ ಕೊಳವೆಯನ್ನು ಅದೇ ಮೂಲೆಗೆ ಬಿಡಿಸಿದ್ದೆನೆಂಬುದು ಆಗ ಹೊಳೆಯಿತು. ಹಗೇವಿಗೆ ನಾನೇ ವರ್ಷವಿಡೀ ನೀರುಣಿಸಿದ್ದೆ!

ಕಾಕಾರನ್ನೇ ಮತ್ತೆ ಕರೆಸಿದೆ. ಅವರು ‘ನಾ ಹೇಳಿದ್ದೆ’ ಎಂಬ ಮಾತನ್ನು ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಗೋಡೆಗೆ ತೊಲೆಗಳ ಆನಿಕೆ ಕೊಟ್ಟು, ಮೂರಡಿ ಮೂರಡಿಯಾಗಿ, ಒಂದನ್ನು ತೋಡಿ ಪಕ್ಕದ್ದನ್ನು ಬಿಟ್ಟು, ಎರೆಮಣ್ಣು ಹೊರತೆಗೆಸಿದರು. ಒಮ್ಮೆಗೇ ತೋಡಿದರೆ ಮೂಲೆಯೇ ಕುಸಿಯುತ್ತದೆ. ಬಂಡೆ ಸಿಕ್ಕ ಮೇಲೆ ಅಲ್ಲಿಂದ ಕಲ್ಲು, ಸಿಮೆಂಟಿನಲ್ಲಿ ಕಟ್ಟಿಕೊಂಡು ಬಂದು ಹಳೆಯ ಪಾಯದ ಅಡಿಗೆ ಬಿಗಿಯಾಗಿ ಗಿಡಿದರು. ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಫರಸಿ ಹಾಸಿ, ಕೊಳವೆಯನ್ನು ದೂರದ ಗಟಾರಕ್ಕೆ ತಿರುಗಿಸಿದರು. ಹತ್ತು ದಿನ ಉಳಿಸಹೋದವನು ನಲವತ್ತು ದಿನ ಕೊಟ್ಟೆ.

ಫರಸಿ ಎಂದೊಡನೆ ಇನ್ನೊಂದು ಅವಮಾನ ನೆನಪಾಗುತ್ತದೆ. ಹೊಳಪು ಕೊಟ್ಟ ನೆಲದ ಮೇಲೆ ಸಿಮೆಂಟಿನ ಹನಿಗಳು ಬಿದ್ದು ಕಲೆಯಾಗಿದ್ದವು. ಆ್ಯಸಿಡ್ ಹಾಕಿ ತೊಳೆಯಲು ನಾನೇ ಹುಡುಗನಿಗೆ ಹೇಳಿದೆ. ನೆಲ ಬುಸುಗುಟ್ಟಿ ನೊರೆಯೆದ್ದಿತು. ಕಲೆ ಹೋಯಿತು, ಅದರೊಡನೆ ಹೊಳಪೂ ಹೋಯಿತು. ಸುಣ್ಣಗಲ್ಲಿಗೆ ಆಮ್ಲ ಸುರಿದರೆ ಅದು ಕರಗುತ್ತದೆಂದು ಏಳನೆಯ ತರಗತಿಯ ಹುಡುಗನೂ ಬಲ್ಲ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಗೃಹಪ್ರವೇಶಕ್ಕೆ ಬಂದವರು ಆ ನೆಲವನ್ನು ನೋಡಿ ನಕ್ಕದ್ದು ಇನ್ನೂ ನಿಂತಿಲ್ಲ. ಯಂತ್ರ ತರಿಸಿ ಮತ್ತೆ ಅರೆಸಬೇಕಾಯಿತು.

ಇವೆಲ್ಲ ಹಣದ ಮಾತು. ಜೀವದ ಮಾತು ಹಿಂದಿನ ಪಡಸಾಲೆಯದು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿ ಸಾವಿರಾರು ಜನ ನಿದ್ದೆಯಲ್ಲೇ ಮಡಿದರು. ನಮ್ಮ ಮನೆಯಲ್ಲಿ ಆಗ ಪಾತ್ರೆಗಳು ಗಲಗಲಿಸಿದವು, ಅಷ್ಟೆ. ಅಲ್ಲಿಯ ಮನೆಗಳೂ ನಮ್ಮವುಗಳಂತೆಯೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಗೋಡೆ ದಪ್ಪವಿದ್ದರೆ ಭದ್ರವೆಂದು ನಾವು ತಿಳಿದಿದ್ದೆವು. ಕಾಕಾ ನಮ್ಮ ಪಡಸಾಲೆಯ ಗೋಡೆಯ ಒಂದು ಕಲ್ಲು ಕಿತ್ತು ತೋರಿಸಿದರು. “ಇದು ಒಂದು ಗ್ವಾಡಿ ಅಲ್ಲ ಸರ, ಎರಡು ಗ್ವಾಡಿ. ನಡುವ ಬರೇ ಮಣ್ಣು, ಚೂರುಕಲ್ಲು.” ಒಳಮೈಯನ್ನೂ ಹೊರಮೈಯನ್ನೂ ಹಿಡಿದಿಡುವ ಉದ್ದಗಲ್ಲು ಎಲ್ಲಿಯೂ ಇರಲಿಲ್ಲ. ನೆಲ ಅಲುಗಿದರೆ ಎರಡೂ ಮೈ ಬೇರಾಗಿ, ಮಾಳಿಗೆ ನಡುವೆ ಇಳಿಯುತ್ತದೆ. ಸೋರಿತೆಂದು ವರ್ಷವರ್ಷವೂ ನಾವು ಕರಲು ಮಣ್ಣು ಹಾಕುತ್ತ ಬಂದು, ಮಾಳಿಗೆಯ ಭಾರ ಮೂರು ಪಟ್ಟಾಗಿತ್ತು. ಸರಿಪಡಿಸೋಣ, ಮುಂದಿನ ವರ್ಷ ಎಂದೆ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತ ಭೂಮಿ ಮೇಲಿಂದ ಮೇಲೆ ಗುಡುಗಿತು. ಒಂದು ಕಂಪನ 4ರ ಅಳತೆಯನ್ನೂ ದಾಟಿತು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಆ ರಾತ್ರಿ ನಮ್ಮ ಪಡಸಾಲೆಯ ಜಂತಿಯಿಂದ ಮಣ್ಣು ಉದುರಿ, ಮಲಗಿದ್ದ ಅತ್ತೆಯ ಹೊದಿಕೆಯ ಮೇಲೆ ಬಿತ್ತು. ಹಿಡಿಯಷ್ಟೇ ಮಣ್ಣು. ಆಕೆಯನ್ನು ಎತ್ತಿಕೊಂಡು ಹೊರಬಂದೆವು. ನನ್ನ ಹೆಂಡತಿ ಅಂಗಳದಲ್ಲಿ ನಿಂತು, “ಮುಂದಿನ ವರ್ಷ ಅಂದರ ಯಾವ ವರ್ಷರೀ?” ಎಂದಳು.

ಹದಿನೈದು ದಿನ ತಗಡಿನ ಕೆಳಗೆ ಮಲಗಿದೆವು. ಬಳಿಕ ಕೆಲಸ ಆರಂಭವಾಯಿತು. ಮೊದಲು ಮಾಳಿಗೆಯ ಮಣ್ಣು ಇಳಿಸಿದೆವು; ಆರು ಟ್ರಾಲಿ. ನಮ್ಮ ತಲೆಯ ಮೇಲೆ ಇಷ್ಟಿತ್ತೇ ಎಂದು ನೋಡಲು ಬಂದವರೆಲ್ಲ ತಂತಮ್ಮ ಮಾಳಿಗೆಯನ್ನು ನೆನೆದು ಬೇಗ ಮನೆಗೆ ಹೋದರು. ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲನ್ನು ಮೆಲ್ಲಗೆ ಬಿಡಿಸಿ, ಆರುಪಾರು ರಂಧ್ರ ಮಾಡಿ, ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳನ್ನು ಇರಿಸಿ ಕಾಂಕ್ರೀಟು ತುಂಬಿದೆವು. ಕಿಲ್ಲಾರಿಯ ಅನಾಹುತದ ನಂತರ ಹಳೆಯ ಗೋಡೆಗಳನ್ನು ಬಲಪಡಿಸಲು ಅಲ್ಲಿ ಬಳಸಿದ ಉಪಾಯವಿದು. ಸುತ್ತಿಗೆಯ ಪೆಟ್ಟು ಬೇಡ, ಗೋಡೆಗೆ ಗೊತ್ತಾಗದಂತೆ ಕೆಲಸ ಆಗಬೇಕು ಎಂಬುದು ಕಾಕಾರ ಆಜ್ಞೆ.

ಹಗೇವಿನ ಬಾಯಿಗೆ ಮುಚ್ಚಿದ್ದ ಫರಸಿ ಈಗ ಪಡಸಾಲೆಯ ಮೆಟ್ಟಿಲು. ನಮ್ಮ ಸೀಮೆಯ ಕಲ್ಲಿಗೆ ಒಂದೇ ಜನ್ಮವಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತಲ್ಲವೆ! ನಮ್ಮ ಮೆಟ್ಟಿಲಿನ ಅಡಿಮೈಯನ್ನೂ ನಾನು ತಿರುವಿ ನೋಡಿದೆ. ಉಳಿಯ ಗೀರುಗಳಷ್ಟೇ ಇದ್ದವು.

ಹಳೆಯ ಬಿರುಕಿನ ಮೇಲೆ ಕಾಕಾ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿದರು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಂದು ಸಂಜೆ ಅದು ಒಡೆದದ್ದನ್ನು ಕಂಡು ನನ್ನ ಕೈಕಾಲು ತಣ್ಣಗಾದವು. ವಿಚಾರಿಸಿದಾಗ ಮೊಮ್ಮಗನ ಚೆಂಡು ತಾಕಿತ್ತೆಂದು ತಿಳಿಯಿತು. ಬೇರೊಂದು ಗಾಜು ಅಂಟಿಸಿ, ಅದರ ಮೇಲೆ ತಾರೀಖು ಬರೆದಿದ್ದೇನೆ. ದಿನಾಲು ಮುಂಜಾನೆ ಎದ್ದು ಚಹಾಕ್ಕೆ ಮೊದಲು ಅದನ್ನೊಮ್ಮೆ ನೋಡಿ ಬರುತ್ತೇನೆ.